ಮೇರಿ ಕಿಸ್‌ಮಿಸ್

ಡಿಸೆಂಬರ್ 18 ದಾಟಿತೋ ಇಲ್ಲವೋ, ಪುಣೆಯ ಕೋಥರೂಡಿನ ನಮ್ಮ ಸೊಸೈಟಿಯ ವಾಚ್‌ಮನ್ ಕಾಕಾ ಗೇಟು ತೆಗೆಯುವ ಮೊದಲು ಒಂದು ಸಲಾಮು ಹೊಡೆದು "ಮೇರಿ ಕಿಸ್‌ಮಿಸ್, ಸಾಬ್" ಅನ್ನಲು ಶುರು ಮಾಡುತ್ತಾರೆ. ಹಿಂದಿ ಬಲ್ಲವರು ಬಿಡಿಸಿ ನೋಡಿದರೆ 'ನನ್ನ ಒಣದ್ರಾಕ್ಷಿ, ಸಾಹೇಬ್ರೆ' ಎಂದಾಗುತ್ತದೆ. ಮೊದಲ ವರ್ಷ ನನಗೆ ಮೇಷ್ಟ್ರಾಗುವ ಚಪಲ ತಡೆಯಲಾಗಲಿಲ್ಲ. "ಕಾಕಾ, ಕಿಸ್‌ಮಿಸ್ ನಹೀ, ಕ್ರಿಸ್‌ಮಸ್" ಅಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ "ಮೈನೇ ಭೀ ವಹೀ ಬೋಲಾ" ಅಂದರು. ಅಂದಿನಿಂದ ತೆಪ್ಪಗೆ "ಆಪ್‌ಕೋ ಭೀ" ಅಂದು ಗಾಡಿ ಒಳಗೆ ತರುತ್ತೇನೆ.

ಕಳೆದ ಚಳಿಗಾಲಕ್ಕೆ ಧಾರವಾಡದಿಂದ ಅವ್ವ ಬಂದಿದ್ದಳು. ಸೀರೆಗಿಂತ ಹೆಚ್ಚು ತಿನ್ನುವ ಸಾಮಾನನ್ನೇ ಚೀಲಕ್ಕೆ ತುಂಬಿಕೊಂಡು ಬರುವ ಪೈಕಿ ಅವಳು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ವಿಜಾಪುರದ ಬೀಗರು ಕೊಟ್ಟ ತಿಕೋಟಾದ ಎರಡು ಕಿಲೋ ಒಣದ್ರಾಕ್ಷಿ. ನನ್ನ ಮಗಳು ಅವಳನ್ನು 'ಆಯಿ' ಅನ್ನುತ್ತಾಳೆ. ನಮ್ಮ ಕಡೆ ಅಜ್ಜಿಗೆ ಹಾಗೇ ಅನ್ನುವುದು. ಪುಣೆಯಲ್ಲಿ ಆಯಿ ಅಂದರೆ ಹೆತ್ತ ತಾಯಿ. ಎಂಟು ವರ್ಷದ ಹುಡುಗಿ ಎಪ್ಪತ್ನಾಲ್ಕರ ಹೆಂಗಸಿಗೆ ಲಿಫ್ಟಿನಲ್ಲಿ 'ಆಯಿ' ಎಂದು ಜೋತುಬಿದ್ದಾಗ, ಮೂರನೇ ಮಹಡಿಯ ಕಾಕೂ ಮನಸ್ಸಿನಲ್ಲೇ ಕೂಡಿಸಿ ಕಳೆಯುವುದನ್ನು ನೋಡಬೇಕು.

ಅದೇ ಲಿಫ್ಟಿನಲ್ಲಿ ಒಂದು ಪೋಸ್ಟರ್ ಅಂಟಿಸಿದ್ದರು. ಅವ್ವ ಸಾಲಿಯಲ್ಲಿ ಹಿಂದಿ ಕಲಿತವಳು, ದೇವನಾಗರಿ ಓದಬಲ್ಲಳು. ಕನ್ನಡಕ ಏರಿಸಿ ಒಂದೊಂದೇ ಓದಿದಳು: ಸೀಕ್ರೆಟ್ ಸ್ಯಾಂಟಾ. ಕ್ಯಾರಲ್ಸ್. ಟ್ರೀ ಲೈಟಿಂಗ್. ಪ್ಲಮ್ ಕೇಕ್. ಜಿಂಗಲ್ ಆಂಡ್ ಮಿಂಗಲ್. ಆಣಿ ಬರಂಚ್ ಕಾಹೀ.

"ಮರಾಠಿ ಎಷ್ಟ್ ಸಲೀಸ ಐತಿ ನೋಡೋ. ಆದ್ರ ಒಂದೂ ತಿಳೀಲಿಲ್ಲ" ಅಂದಳು.

ಇಡೀ ಪೋಸ್ಟರಿನಲ್ಲಿ ಅಪ್ಪಟ ಮರಾಠಿ ಇದ್ದದ್ದು ಕಡೆಯ ಮೂರು ಪದ ಮಾತ್ರ: 'ಮತ್ತು ಇನ್ನೂ ಬಹಳಷ್ಟು'. ಮರಾಠಿ ಶುದ್ಧಿಗೆ ಸಾವರ್ಕರರ ಕಾಲದಿಂದಲೂ ಪಣ ತೊಟ್ಟವರ ನಾಡು ಇದು. ಅಂಗಡಿಯ ಮುಂದೆ 'ಬೆಲೆ ಕೇಳಿ ಸಮಯ ಹಾಳು ಮಾಡಬೇಡಿ' ಎಂಬ ಅರ್ಥದ ಪಾಟಿಯನ್ನು ಕೂಡ ವ್ಯಾಕರಣ ತಪ್ಪದೆ ಬರೆಯುವ ಊರು. ಅಂಥ ಊರು ಡಿಸೆಂಬರ್ ಬಂತೆಂದರೆ ಇಂಗ್ಲಿಷಿನ ಎದುರು ಕೈಚೆಲ್ಲಿ ಕೂತುಬಿಡುತ್ತದೆ.

ಅವ್ವನಿಗೆ ಅರ್ಥ ಹೇಳುವ ಕೆಲಸ ನನ್ನ ತಲೆಗೆ ಬಂತು. ಸೀಕ್ರೆಟ್ ಸ್ಯಾಂಟಾ ಅಂದರೆ ಚೀಟಿ ಎತ್ತಿ, ಯಾರ ಹೆಸರು ಬರುತ್ತದೋ ಅವರಿಗೆ ಹೆಸರು ಹೇಳದೆ ಉಡುಗೊರೆ ಕೊಡುವುದು ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

"ಕೊಟ್ಟಾಂವ ಯಾರಂತ ಗೊತ್ತಾಗದಿದ್ರ ತಿರುಗಿ ಮುಯ್ಯಿ ಯಾರಿಗೆ ಮಾಡೂದು? ನಿನ್ನ ಲಗ್ನದಾಗ ಯಾರ್ ಯಾರ್ ಎಷ್ಟೆಷ್ಟ್ ಆಯೇರ ಮಾಡ್ಯಾರ ಅಂತ ಬರದಿಟ್ಟ ವಹಿ ಇನ್ನೂ ಟ್ರಂಕಿನ್ಯಾಗ ಐತಿ."

ನಮ್ಮ ಹಿಂಜವಡಿಯ ಆಫೀಸಿನಲ್ಲೂ ಇದೇ ಆಟ ನಡೆಯುತ್ತದೆ. ಮಿತಿ ಐದುನೂರು ರೂಪಾಯಿ. ಆರು ವರ್ಷದಲ್ಲಿ ನನಗೆ ಬಂದದ್ದು ಐದು ಮಗ್ಗು, ಒಂದು ಬಿದಿರಿನ ಗಿಡ. ಮೂರನೆಯ ಮಗ್ಗು ನಾನೇ ಎರಡು ವರ್ಷದ ಹಿಂದೆ ಇನ್ನೊಬ್ಬರಿಗೆ ಕೊಟ್ಟದ್ದು ಎಂಬ ಗುಮಾನಿ ನನಗಿದೆ. ಹೆಸರು ಹೇಳದ ದಾನಕ್ಕೆ ನಮ್ಮಲ್ಲಿ ಗುಪ್ತದಾನ ಅಂತ ಒಳ್ಳೆ ಮಾತಿದೆ. ಆದರೆ ಗುಪ್ತದಾನಕ್ಕೆ ಪುಣ್ಯ ಉಂಟು, ಸೀಕ್ರೆಟ್ ಸ್ಯಾಂಟಾಕ್ಕೆ ಗುಂಪಿನ ಫೋಟೊ ಮಾತ್ರ.

ರಾತ್ರಿ ಊಟಕ್ಕೆ ಕೂತಾಗ ಮಗಳು ಅಜ್ಜಿಗೆ ಸಾಂಟಾ ಕ್ಲಾಸನ ಕಥೆ ಹೇಳತೊಡಗಿದಳು. ಮುದುಕ, ಬಿಳಿ ಗಡ್ಡ, ಕೆಂಪು ಕುಂಚಿಗೆ (ಈ ಪದ ಅವ್ವನದು), ಮಧ್ಯರಾತ್ರಿ ಚಿಮ್ನಿಯಿಂದ ಇಳಿದು ಬರುತ್ತಾನೆ.

"ಚಿಮಣ್ಯಾಗಿಂದ?" ಅವ್ವನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

ಅವಳ ಆಶ್ಚರ್ಯದಲ್ಲಿ ಅನ್ಯಾಯವೇನಿಲ್ಲ. ನಮ್ಮ ಕಡೆ ಚಿಮಣಿ ಅಂದರೆ ಬುಡ್ಡಿ ದೀಪ. ಸೀಮೆಎಣ್ಣೆಗೆ ಹೆಸರೇ ಚಿಮಣಿ ಎಣ್ಣೆ. ಬಲಗೈ ಹೆಬ್ಬೆರಳಿನಷ್ಟು ಬತ್ತಿ ಇರುವ ದೀಪದೊಳಗಿಂದ ಒಬ್ಬ ಗುಡಾಣ ಹೊಟ್ಟೆಯವನು ಗಂಟು ಹೊತ್ತು ಇಳಿಯುವುದನ್ನು ಯಾರು ತಾನೇ ಒಪ್ಪಿಯಾರು? ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಹುಡುಗ ನಕ್ಕ. ಅವನಿಗೆ ಚಿಮಣಿ ಅಂದರೆ ಗುಬ್ಬಚ್ಚಿ. ನನ್ನ ಹೆಂಡತಿ ಅಡುಗೆಮನೆಯಿಂದಲೇ "ಹೋದ ವಾರ ಚಿಮ್ನಿ ಸರ್ವಿಸ್ ಮಾಡಿಸೇನಿ, ಅದರೊಳಗ ಯಾರನ್ನೂ ಇಳಿಸಬ್ಯಾಡ್ರಿ" ಅಂದಳು. ಅವಳದು ಒಲೆಯ ಮೇಲೆ ಹೊಗೆ ಹೀರುವ ಡಬ್ಬಿ. ಒಂದು ಪದ, ನಾಲ್ಕು ತಲೆ, ನಾಲ್ಕು ಚಿತ್ರ. ಸಾಂಟಾ ಮಾತ್ರ ಎಲ್ಲಿಂದಲೂ ಇಳಿಯಲಾಗದೆ ಅಂತರದಲ್ಲೇ ಉಳಿದ.

ಕಡೆಗೆ ಅವ್ವನೇ ಎಳೆ ಹಿಡಿದಳು. "ನೀವು ಹೇಳೂದು ನಾತಾಳದ ಸುದ್ದಿ ಹೌದಲ್ಲೋ? ನಮ್ಮ ಸಾಲ್ಯಾಗ ನಾತಾಳ ಸೂಟಿ ಕೊಡ್ತಿದ್ರು."

ಆ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು. ಮುಂಬೈ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳ ಹಿರಿಯರಿಗೆ ಕ್ರಿಸ್‌ಮಸ್ ಗೊತ್ತಿರಲಿಲ್ಲ, ನಾತಾಳ ಗೊತ್ತಿತ್ತು. ಮರಾಠಿಯಲ್ಲಿ ಇಂದಿಗೂ ಅದೇ ಪದ. ಪೋರ್ಚುಗೀಸರ 'ನತಾಲ್', ಅಂದರೆ ಜನನ. ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಯಲ್ಲೂ ನತಾಲಾಂ ಫೆಸ್ತ್ ಎಂದೇ ಇದೆ. ಆ ದಿನದ ನೇವ್ರಿ, ಕಿಡಿಯೊಗಳ ತಟ್ಟೆಗೆ ಕುಸ್ವಾರ್ ಎಂಬ ಹೆಸರಿದೆ, ಅದೂ ಪೋರ್ಚುಗೀಸಿನಿಂದ ಬಂದದ್ದೇ. ಪುಣೆಯ ಮಟ್ಟಿಗಂತೂ ಈ ಹಬ್ಬ ಇಂಗ್ಲಿಷ್ ಕಲಿತದ್ದು ತೀರ ತಡವಾಗಿ. ಕ್ವಾರ್ಟರ್ ಗೇಟ್ ಹತ್ತಿರದ ಸಿಟಿ ಚರ್ಚಿಗೆ ಜಾಗ ಕೊಟ್ಟವರು ಪೇಶವೆ ಸವಾಯಿ ಮಾಧವರಾಯರು, 1792ರಲ್ಲಿ. ಅವರ ದಂಡಿನಲ್ಲಿದ್ದ ಪೋರ್ಚುಗೀಸ್ ಮತ್ತು ಗೋವೆಯ ಕ್ರೈಸ್ತರಿಗೆ ಪ್ರಾರ್ಥನೆಗೊಂದು ಸ್ಥಳ ಬೇಕಿತ್ತು. ಖಡಕಿಯಲ್ಲಿ ಇಂಗ್ಲಿಷರು ಪೇಶವೆಯ ಸೈನ್ಯವನ್ನು ಸೋಲಿಸಿದ್ದು 1817ರಲ್ಲಿ. ಅಂದರೆ ಕಂಪನಿ ಸರಕಾರ ಬರುವುದಕ್ಕೆ ಪೂರಾ 25 ವರ್ಷ ಮೊದಲೇ ಪುಣೆಯಲ್ಲಿ ಯೇಸುವಿನ ಹುಟ್ಟುಹಬ್ಬ ಬೇರೂರಿತ್ತು. ಅದೂ ಬ್ರಾಹ್ಮಣ ಪೇಶವೆ ಕೊಟ್ಟ ನೆಲದಲ್ಲಿ! 'ಮೆರಿ ಕ್ರಿಸ್‌ಮಸ್' ಅನ್ನುವವರು ಆಮೇಲೆ ಬಂದು ಬೋರ್ಡು ಬದಲಿಸಿದರು, ಅಷ್ಟೆ.

ಹಾಗೆ ಬಂದವರನ್ನು ನಮ್ಮವರೂ ಸುಮ್ಮನೆ ಬಿಡಲಿಲ್ಲ, ಆ ಹಬ್ಬಕ್ಕೆ 'ಬಡಾ ದಿನ್' ಎಂದು ಹೆಸರಿಟ್ಟರು. ಉತ್ತರದ ಕಡೆ ಈಗಲೂ ಹಾಗೇ ಅನ್ನುತ್ತಾರೆ. ದೊಡ್ಡ ದಿನ ಅಂತೆ! ವರ್ಷದ ಅತಿ ಗಿಡ್ಡ ಹಗಲು ಮುಗಿದು ಮೂರು ನಾಲ್ಕು ದಿನವಷ್ಟೇ ಆಗಿರುತ್ತದೆ. ಆರು ಗಂಟೆಗೆಲ್ಲ ಸೂರ್ಯ ಗುಡ್ಡದ ಹಿಂದೆ ಗಂಟುಮೂಟೆ ಕಟ್ಟಿರುತ್ತಾನೆ. ಸಾಹೇಬರು ಆ ದಿನ ದೊಡ್ಡ ಊಟ ಮಾಡುತ್ತಿದ್ದರು, ಆಳುಕಾಳುಗಳಿಂದ ದೊಡ್ಡ ದೊಡ್ಡ ಹಣ್ಣಿನ ಬುಟ್ಟಿ ಪಡೆಯುತ್ತಿದ್ದರು. ಆ ಬುಟ್ಟಿಗೆ 'ಡಾಲಿ' ಎಂದು ಹೆಸರು, ನಮ್ಮದೇ ಡಾಲಿ. ಇದು 'ಹಾಬ್ಸನ್-ಜಾಬ್ಸನ್' ಎಂಬ ನಿಘಂಟಿಗೂ ಹತ್ತಿಬಿಟ್ಟಿದೆ, 'ಬಡಾ ದಿನ್' ಕೂಡ. ಇಂಗ್ಲಿಷರ ಬಾಯಲ್ಲಿ ಸಿಕ್ಕು ನುಗ್ಗಾದ ನಮ್ಮ ದೇಶದ ಪದಗಳ ಪಟ್ಟಿ ಆ ನಿಘಂಟು, ಪ್ರಕಟವಾದದ್ದು 1886ರಲ್ಲಿ. ಅದರ ಹೆಸರೇ ಮೊಹರಮ್ಮಿನ 'ಯಾ ಹಸನ್, ಯಾ ಹುಸೇನ್' ಕೂಗಿನ ಗೋರಾ ಸೋಜರ್ ಆವೃತ್ತಿ. ನಮ್ಮ ವಾಚ್‌ಮನ್ ಕಾಕಾನ ಕಿಸ್‌ಮಿಸ್ಸಿಗೆ ನಗುವ ಮೊದಲು ಇದನ್ನು ನೆನೆಯಬೇಕು.

ಆ ನಿಘಂಟು ಮಾಡಿದ ಇಬ್ಬರಲ್ಲಿ ಒಬ್ಬರಾದ ಬರ್ನೆಲ್ ನಮ್ಮ ಮಂಗಳೂರಿನಲ್ಲಿ ಜಡ್ಜ್ ಆಗಿದ್ದವರು. ಪುಸ್ತಕ ಅಚ್ಚಾಗಿ ಬರುವ ಮೊದಲೇ, 1882ರಲ್ಲಿ, ತೀರಿಕೊಂಡರು. ಇನ್ನೊಬ್ಬರು ಹೆನ್ರಿ ಯೂಲ್. 'ಯೂಲ್' ಅಂದರೆ ಏನು ಬಲ್ಲಿರಾ? ಕ್ರಿಸ್‌ಮಸ್‌ಗೆ ಇಂಗ್ಲಿಷಿನಲ್ಲಿ ಇರುವ ಹಳೇ ಹೆಸರು, ಕ್ರೈಸ್ತ ಧರ್ಮ ಬರುವ ಮೊದಲೇ ಉತ್ತರದ ಚಳಿನಾಡುಗಳಲ್ಲಿದ್ದ ಒಂದು ಹಬ್ಬದ್ದು. ನಮ್ಮಲ್ಲಿ ದೀಪಾವಳಿ ಶಂಕರಪ್ಪ ಅನ್ನುವವರು ನಿಘಂಟು ಬರೆದ ಹಾಗಾಯಿತು. ನನಗೆ ಇದು ಗೊತ್ತಾದ ದಿನ ಆಫೀಸಿನಲ್ಲಿ ನಾಲ್ಕು ಜನಕ್ಕೆ ಹೇಳಿದೆ. ಒಬ್ಬರೂ ನಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇನ್ನು ಕೇಕಿನ ಮಾತು. ಪುಣೆಯಲ್ಲಿದ್ದು ಕೇಕು ಬೇಕೆಂದರೆ ಕ್ಯಾಂಪಿಗೆ ಹೋಗಬೇಕು. ಮರಾಠಿಯವರು ಅದನ್ನು ಇನ್ನೂ ಲಷ್ಕರ್ ಅನ್ನುತ್ತಾರೆ, ದಂಡು. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿಯ ಮುಂದೆ ಅವ್ವನನ್ನು ನಿಲ್ಲಿಸಿ ಶ್ರೂಸ್‌ಬರಿ ಬಿಸ್ಕೀಟು, ಮಾವಾ ಕೇಕು ತರಲು ಹೋದೆ. ಶ್ರೂಸ್‌ಬರಿ ಇಂಗ್ಲೆಂಡಿನ ಒಂದು ಊರು. ಆ ಊರಿನ ಹೆಸರನ್ನು ಹೇಗೆ ಉಚ್ಚರಿಸಬೇಕೆಂದು ಅಲ್ಲಿನವರಲ್ಲೇ ಒಮ್ಮತವಿಲ್ಲ. ಆ ಬಿಸ್ಕೀಟನ್ನು ಪುಣೆಯಲ್ಲಿ 1955ರಿಂದ ಸುಡುತ್ತಿರುವವರು ಇರಾನಿಗಳು, ಡಬ್ಬಿಗಟ್ಟಲೆ ಕಟ್ಟಿಸಿಕೊಂಡು ಹೋಗುವವರು ಮರಾಠಿಗರು, ಅಲ್ಲಿಂದ ಹುಬ್ಬಳ್ಳಿಯ ಗಾಡಿ ಹತ್ತಿಸಿ ಬೀಗರಿಗೆ ಕಳಿಸುವವರು ನಾವು. ನನ್ನ ಮುಂದಿದ್ದವರು 'ಸುಬ್ರಿ' ಅಂದರು, ಹಿಂದಿದ್ದವರು 'ಶ್ರೋಜ್‌ಬೆರಿ' ಅಂದರು. ಇಬ್ಬರಿಗೂ ಬಂದದ್ದು ಒಂದೇ ಬಿಸ್ಕೀಟು.

"ತತ್ತಿ ಹಾಕ್ಯಾರೇನು?" ಅವ್ವನ ಮೊದಲ ಪ್ರಶ್ನೆ. ಪ್ಲಮ್ ಕೇಕಿಗೆ ಬೇರೆ ಅಂಗಡಿಗೆ ಹೋಗಿ ತತ್ತಿ ಇಲ್ಲದ್ದು ಹುಡುಕಿದೆ. ಮನೆಗೆ ಬಂದು ಒಂದು ತುಂಡು ಕೊಟ್ಟರೆ, ಅಕ್ಕಿ ಆರಿಸುವ ಕಣ್ಣಿನಿಂದ ಅದನ್ನು ಬಗೆದು ನೋಡಿ "ಇದರಾಗ ಪ್ಲಮ್ ಎಲ್ಲೈತಿ? ಬರೇ ಒಣದ್ರಾಕ್ಷಿ" ಅಂದಳು.

ನಿಜ. ಪ್ಲಮ್ ಕೇಕಿನಲ್ಲಿ ಪ್ಲಮ್ ಇರುವುದಿಲ್ಲ. ಹಿಂದಿನ ಇಂಗ್ಲಿಷರು ಒಣದ್ರಾಕ್ಷಿಗೇ ಪ್ಲಮ್ ಅನ್ನುತ್ತಿದ್ದರು, ಹೆಸರು ಹಾಗೇ ಉಳಿದುಹೋಯಿತು. ಅವರ ಮಿನ್ಸ್ ಪೈ ಎಂಬ ಕಡುಬಿನಲ್ಲಿ ಒಂದು ಕಾಲಕ್ಕೆ ಕೊಚ್ಚಿದ ಮಾಂಸ ಇರುತ್ತಿತ್ತು. ಈಗ ಅಲ್ಲೂ ಒಣಹಣ್ಣು. ಒಟ್ಟಿನಲ್ಲಿ ಏನೇ ಹೆಸರು ಹೇಳಲಿ, ಒಳಗೆ ಇರುವುದು ಕಿಸ್‌ಮಿಸ್ಸೇ. ಆಗ ನನಗೆ ವಾಚ್‌ಮನ್ ಕಾಕಾನ ಸಲಾಮು ನೆನಪಾಯಿತು. ಊರಿಗೆಲ್ಲ ಅರ್ಥ ಹೇಳುತ್ತ ತಿರುಗುವ ನನಗಿಂತ ಆತ ಗುರಿಗೆ ಹತ್ತಿರ ಇದ್ದ.

ಹೆಸರಿನ ಈ ಮೋಸದಲ್ಲಿ ಪಟ್ಟದ ಆನೆ ಅಂದರೆ ಇಂಗ್ಲಿಷರು ಕ್ರಿಸ್‌ಮಸ್ ಊಟಕ್ಕೆ ಕೊಯ್ಯುವ ಟರ್ಕಿ ಕೋಳಿ. ಅದು ಅಮೆರಿಕದ ಹಕ್ಕಿ. ಇಂಗ್ಲಿಷರು ಅದು ಟರ್ಕಿಯಿಂದ ಬಂತೆಂದು ತಿಳಿದು ಟರ್ಕಿ ಅಂದರು. ಟರ್ಕಿಯವರು ನಮ್ಮ ತಲೆಗೆ ಕಟ್ಟಿ 'ಹಿಂದಿ' ಅಂದರು. ಫ್ರೆಂಚರೂ 'ಇಂಡಿಯಾದ್ದು' ಎಂದೇ ಕರೆದರು. ಡಚ್ಚರು ಇನ್ನೂ ಕರಾರುವಾಕ್ಕಾಗಿ ಕಲ್ಲಿಕೋಟೆಯ ಕೋಳಿ ಎಂದರು. ಪೋರ್ಚುಗೀಸರು 'ಪೆರು' ಅಂದರು. ಅದನ್ನು ಪುಣೆಯಲ್ಲಿ ಬಂದು ಕೇಳಿದರೆ ಕೈಗಾಡಿಯವನು ಪೇರಲ ಹಣ್ಣು ಸೀಳಿ ಉಪ್ಪು ಖಾರ ಹಚ್ಚಿ ಕೊಡುತ್ತಾನೆ, ಇಲ್ಲಿ ಪೇರೂ ಅಂದರೆ ಅದೇ. ಇಷ್ಟು ದೇಶ ತಿರುಗಿದರೂ ಆ ಹಕ್ಕಿಗೆ ರೇಷನ್ ಕಾರ್ಡು ಸಿಗಲಿಲ್ಲ. ಇನ್ನೊಂದು ತಮಾಷೆಯೆಂದರೆ ಸಾಂಟಾ ಕ್ಲಾಸನ ಮೂಲಪುರುಷ ಸಂತ ನಿಕೋಲಸ್ ಬಿಷಪ್ ಆಗಿದ್ದದ್ದು ಮೈರಾ ಎಂಬ ಊರಿನಲ್ಲಿ. ಅದು ಇರುವುದು ಇಂದಿನ ಟರ್ಕಿಯಲ್ಲಿ. ಟರ್ಕಿ ಕೋಳಿ ಟರ್ಕಿಯದಲ್ಲ, ಅದರ ಪಕ್ಕದಲ್ಲಿ ಕೂತ ಮುದುಕ ಮಾತ್ರ ಅಲ್ಲಿಯವನು.

ಈ ಕೋಳಿ ನಮ್ಮ ಮೀಟಿಂಗುಗಳಿಗೂ ನುಗ್ಗಿದೆ. ಒಂದು ಸೋಮವಾರ ಮೇಲಿನವರು ಬಂದು, ನಿಮ್ಮ ಕೆಲಸದಲ್ಲಿ ಯಾವ್ಯಾವುದನ್ನು ಯಂತ್ರಕ್ಕೆ ಬಿಡಬಹುದು ಎಂದು ನೀವೇ ಪಟ್ಟಿ ಮಾಡಿ ಕೊಡಿ ಅಂದರು. ಲಂಡನ್ನಿನಲ್ಲಿ ಎರಡು ವರ್ಷ ಇದ್ದು ಬಂದ ಸಹೋದ್ಯೋಗಿಯೊಬ್ಬ ಮೆಲ್ಲಗೆ, ಇದು ಕ್ರಿಸ್‌ಮಸ್ಸಿಗೆ ಟರ್ಕಿಗಳೇ ವೋಟು ಹಾಕಿದ ಹಾಗೆ ಅಂದ. ಎಲ್ಲರೂ ಅರ್ಥವಾದವರಂತೆ ನಕ್ಕರು. ಜನ್ಮದಲ್ಲಿ ಟರ್ಕಿಯ ಒಂದು ಪುಕ್ಕ ಕೂಡ ನೋಡದವರು. ನಾನು ನಗಲಿಲ್ಲ, ಏಕೆಂದರೆ ನನಗೆ ಬಸವಣ್ಣನವರ ಕುರಿ ನೆನಪಾಗಿತ್ತು: ಬಲಿಗೆಂದು ತಂದು ಕಟ್ಟಿದ ಕುರಿ, ಆ ಹಬ್ಬದ ತೋರಣದ ಸೊಪ್ಪನ್ನೇ ಹಾಯಾಗಿ ಮೇಯುತ್ತ ನಿಂತಿರುವುದು. ಎಂಟುನೂರು ವರ್ಷದ ಹಿಂದಿನದು. ಟರ್ಕಿಯಾದರೋ ವೋಟು ಹಾಕಿ ತಪ್ಪು ಮಾಡಿತು, ನಮ್ಮ ಕುರಿಗೆ ಹಸಿವೆ ಮಾತ್ರ. ಎರಡರಲ್ಲಿ ನಮ್ಮ ಆಫೀಸಿಗೆ ಹೊಂದುವುದು ಕುರಿಯೇ. ಮೀಟಿಂಗಿನಲ್ಲಿ ಬಿಸ್ಕೀಟು ಇಟ್ಟಿದ್ದರು, ನಾವೂ ತಿನ್ನುತ್ತಿದ್ದೆವು.

ಅದೇ ಸಹೋದ್ಯೋಗಿ ಬೋನಸ್ ಒಂದು ತಿಂಗಳು ಮೊದಲು ಬಂದರೆ 'ಕ್ರಿಸ್‌ಮಸ್ ಬೇಗ ಬಂತು' ಅನ್ನುತ್ತಾನೆ. ಅವ್ವನಾದರೆ ರೊಟ್ಟಿ ಜಾರಿ ತುಪ್ಪದಾಗ ಬಿತ್ತು ಅನ್ನುತ್ತಿದ್ದಳು. ಅದರಲ್ಲಿ ಕನಿಷ್ಠ ತುಪ್ಪವಾದರೂ ಇದೆ. ಸರ್ವರ್ ಕೆಟ್ಟು ಪರದೆಯ ತುಂಬ ಕೆಂಪು ದೀಪ ಮಿಣಿಮಿಣಿಸಿದರೆ 'ಕ್ರಿಸ್‌ಮಸ್ ಟ್ರೀ ಆಗಿದೆ' ಎಂದು ಫೋನು ಬರುತ್ತದೆ, ಆ ರಾತ್ರಿ ನಿದ್ದೆ ಇಲ್ಲ. ಟೀಮಿನ ಊಟಕ್ಕೆ ದುಡ್ಡು ಬಿಚ್ಚದವನಿಗೆ 'ಸ್ಕ್ರೂಜ್' ಎಂದು ಹೆಸರು. ಡಿಕನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೆಯ ಆ ಜುಗ್ಗನಿಗೆ ಕಡೆಗೆ ಮನಸ್ಸು ಕರಗುತ್ತದೆ. ನಮ್ಮವನು ಇನ್ನೂ ಎಂಜಲ ಕೈಯಲ್ಲಿ ಕಾಗೆ ಓಡಿಸಿಲ್ಲ.

ಕ್ರಿಸ್‌ಮಸ್ಸಿನ ಮರುದಿನದ ಬಾಕ್ಸಿಂಗ್ ಡೇಯಲ್ಲಿ ಬಾಕ್ಸಿಂಗ್ ಇಲ್ಲ, ಮೆಲ್ಬರ್ನಿನ ಟೆಸ್ಟ್ ಮ್ಯಾಚು ಮಾತ್ರ ಇದೆ ಎಂದು ನಾನು ಕಾಲೇಜಿನವರೆಗೂ ನಂಬಿದ್ದೆ. ಅದು ಆಳುಗಳಿಗೆ, ಅಂಚೆಯವರಿಗೆ ಡಬ್ಬಿ ತುಂಬಿ ಇನಾಮು ಕೊಡುವ ದಿನವಂತೆ. ಪುಣೆಯಲ್ಲಿ ಅದಕ್ಕೆ ದಿವಾಳಿಯ 'ಪೋಸ್ತ್' ಅನ್ನುತ್ತಾರೆ. ನವೆಂಬರಿನಲ್ಲಿ ಪೋಸ್ತ್ ಪಡೆದವರು ಡಿಸೆಂಬರಿನಲ್ಲಿ ಬಾಕ್ಸಿಂಗ್ ಕೇಳುವುದಿಲ್ಲ ಎಂಬುದೇ ದೊಡ್ಡ ಸಮಾಧಾನ.

ಸೊಸೈಟಿಯ ಪಾರ್ಟಿಯ ದಿನ ಅವ್ವನನ್ನೂ ಕರೆದುಕೊಂಡು ಹೋದೆವು. ಕ್ಲಬ್‌ಹೌಸಿನ ಬಾಗಿಲ ಮೇಲೆ ಪ್ಲಾಸ್ಟಿಕ್ಕಿನ ಒಂದು ಹಸಿರು ಗೊಂಚಲು ತೂಗುಬಿಟ್ಟಿದ್ದರು. ಏನದು ಎಂದಳು. ಮಿಸಲ್‌ಟೋ ಎಂದೆ, ಅದು ಇನ್ನೊಂದು ಮರದ ಮೇಲೆ ಕೂತು ಅದರ ರಸ ಹೀರಿ ಬೆಳೆಯುವ ಗಿಡ ಎಂದು ವಿವರಿಸಿದೆ.

"ಅಂದ್ರ ಬದನಿಕಿ! ನಿಮ್ಮಪ್ಪ ಮಾವಿನ ತ್ವಾಟದಾಗ ವರ್ಷಾ ಕುಡಗೋಲು ತಗೊಂಡು ಕಡದು ಕಡದು ಸುಸ್ತಾಗ್ತಿದ್ರು. ಅದನ್ನ ತಂದು ಬಾಗಿಲಿಗೆ ಕಟ್ಯಾರಲ್ಲೋ. ಅದರ ಕೆಳಗ ನಿಂತು ಏನ ಮಾಡ್ತಾರ?"

ಏನು ಮಾಡುತ್ತಾರೆಂದು ನಾನು ಹೇಳಲಿಲ್ಲ. ಮಗಳ ಎದುರು, ಅದೂ ಅವ್ವನಿಗೆ, ಆ ಪದ್ಧತಿಯನ್ನು ಕನ್ನಡದಲ್ಲಿ ಹೇಳುವ ಧೈರ್ಯ ಯಾರಿಗಿದೆ? "ಫೋಟೊ ತಗೊಂತಾರ" ಅಂದೆ. ಪಕ್ಕದಲ್ಲಿ ಪ್ಲಾಸ್ಟಿಕ್ ಮರ. ಅದರ ಮೇಲೆ ಹಿಮವೆಂದು ಹತ್ತಿ ಹಿಂಜಿ ಹಾಕಿದ್ದರು. ಅವ್ವ ಒಂದು ಎಳೆ ಕಿತ್ತು ಬೆರಳಲ್ಲಿ ಹೊಸೆದು ನೋಡಿದಳು. ಹತ್ತಿ ಬಿಡಿಸಿದ ಕೈ ಅದು. "ಎಳಿ ಗಿಡ್ಡ ಐತಿ. ಬತ್ತೀಗೂ ಬರೂದಿಲ್ಲ" ಎಂದು ವಾಪಸ್ಸು ಕೊಂಬೆಗೇ ಸಿಕ್ಕಿಸಿದಳು. ವೈಟ್ ಕ್ರಿಸ್‌ಮಸ್ಸಿನ ಇಷ್ಟು ಖಚಿತವಾದ ಪರೀಕ್ಷೆ ಬೇರೆ ಎಲ್ಲೂ ನಡೆದಿರಲಾರದು.

ಅಲ್ಲಿ ಕುಡಿಯಲು ಕೊಟ್ಟದ್ದು ಹಣ್ಣಿನ ಪಂಚ್. ಇದೊಂದು ಪದ ಮಾತ್ರ ಇಲ್ಲಿಂದ ಹೋಗಿ, ಅಲ್ಲಿ ಟೊಪ್ಪಿಗೆ ಹಾಕಿಕೊಂಡು ತವರಿಗೆ ಬಂದದ್ದು. ಮದ್ಯ, ಸಕ್ಕರೆ, ಲಿಂಬೆ, ನೀರು, ಮಸಾಲೆ ಎಂಬ ಐದು ಸೇರಿದ್ದಕ್ಕೆ ಪಂಚ್ ಎಂದು ನಿಘಂಟಿನವರು ಹೇಳುತ್ತಾರೆ. ಪಂಚ್ ಅಂದಾಗ ಪುಣೆಯವರಿಗೆ ನೆನಪಾಗಬೇಕಾದದ್ದು ಗುರುವಾರ ಪೇಠೆಯ ಪಂಚ್ ಹೌದ್ ಚರ್ಚು. ಐದು ನೀರಿನ ಹೌದುಗಳಿದ್ದ ಜಾಗ. ಅವ್ವ ಕನ್ನಡದಲ್ಲಿ ಕೇಳಿಸಿಕೊಂಡು "ಐದ ಸಲ ಹೌದು ಅನ್ನಬೇಕೇನು?" ಅಂದಿದ್ದಳು. 1890ರಲ್ಲಿ ಅಲ್ಲಿಯ ಪಾದ್ರಿಗಳು ಊರ ಗಣ್ಯರನ್ನು ಕರೆದು ಚಹಾ ಬಿಸ್ಕೀಟು ಕೊಟ್ಟರು. ಹೋದವರಲ್ಲಿ ತಿಳಕರು, ರಾನಡೆಯವರು, ಗೋಖಲೆಯವರು ಇದ್ದರು. ಯಾರ್ಯಾರು ಹೋಗಿದ್ದರೆಂಬ ಪಟ್ಟಿಯನ್ನು ಡಾಕ್ಟರ್ ಆನಂದೀಬಾಯಿಯ ಗಂಡ ಗೋಪಾಳರಾವ್ ಜೋಶಿ 'ಪುಣೆ ವೈಭವ' ಪತ್ರಿಕೆಯಲ್ಲಿ ಹಾಕಿಸಿಬಿಟ್ಟರು. ಊರು ಹೊತ್ತಿಕೊಂಡಿತು, ದೂರು ಶಂಕರಾಚಾರ್ಯರವರೆಗೆ ಹೋಯಿತು, ತಿಳಕರೂ ರಾನಡೆಯವರೂ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು. ಒಂದು ಕಪ್ಪು ಚಹಾಕ್ಕೆ! ಈಗ ಅದೇ ಪುಣೆಯಲ್ಲಿ, ಸದಾಶಿವ ಪೇಠೆಯ ಮನೆಗಳಿಗೂ ಡಿಸೆಂಬರಿನಲ್ಲಿ ಕೇಕು ಪಾರ್ಸೆಲ್ ಹೋಗುತ್ತದೆ. ಯಾರೂ ಪಟ್ಟಿ ಮಾಡುವುದಿಲ್ಲ, ಮಾಡಿದರೂ ಅಚ್ಚು ಹಾಕಲು ಪತ್ರಿಕೆಯಲ್ಲಿ ಜಾಗ ಸಾಲದು.

25ರ ಸಂಜೆ ಕ್ಯಾಂಪಿನ ದೀಪ ನೋಡಲು ಹೊರಟೆವು. ಕ್ವಾರ್ಟರ್ ಗೇಟ್ ದಾಟಿದ ಮೇಲೆ ಒಂದು ಗಲ್ಲಿಯ ಮೂಲೆಯಲ್ಲಿ ಹುಡುಗರು ಗೋಣಿತಟ್ಟು, ಹುಲ್ಲು, ಬಣ್ಣದ ಕಾಗದದಿಂದ ಏಸುವಿನ ಹುಟ್ಟುಮನೆ ಕಟ್ಟಿದ್ದರು. ಮಗಳು 'ಕ್ರಿಬ್' ಅಂದಳು. ಹುಡುಗರು 'ಗೋಠಾ' ಅಂದರು. ಅವ್ವ ಬಗ್ಗಿ ನೋಡಿ "ಅಯ್ಯ, ಇದು ಗ್ವಾದಲಿ ಅಲ್ಲೇನೋ!" ಅಂದಳು. ಎರಡು ವಾರದಲ್ಲಿ ಮೊದಲ ಸಲ ನಾನು ಅರ್ಥ ಹೇಳಬೇಕಾಗಲಿಲ್ಲ. ಕನ್ನಡದ ಬೈಬಲ್ಲಿನಲ್ಲೂ ಅದೇ ಪದ, ಗೋದಲಿ. ನಮ್ಮ ಊರ ಮನೆಯಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ ಕಲ್ಲಿನ ದೋಣಿ. ನಾನು ಕೂಡ ಅದರಲ್ಲಿ ಮಲಗಿ ಬೈಸಿಕೊಂಡವನು. ಅವ್ವ ಬಹಳ ಹೊತ್ತು ನೋಡಿ, ಮಣ್ಣಿನ ಎತ್ತನ್ನು ತೋರಿಸಿ ಹುಡುಗರಿಗೆ ತನ್ನ ಹರಕು ಮರಾಠಿಯಲ್ಲಿ ಅದರ ಮುಂದೆ ಮೇವಿಲ್ಲ ಎಂದಳು.

"ಆಜೀ, ತಿಥಂ ಬಾಳ ಝೋಪಲಾಯ" ಎಂದ ಒಬ್ಬ. ಅಲ್ಲಿ ಮಗು ಮಲಗಿದೆಯಂತೆ.

"ಮಲಗ್ಲಿ. ಅದಕ್ಕ ಎತ್ತು ಉಪಾಸ ಇರೂದೇನು?" ಎಂದು ಅವ್ವ ಪಕ್ಕದಿಂದ ನಾಲ್ಕು ಎಳೆ ಹುಲ್ಲು ಆರಿಸಿ ಎತ್ತಿನ ಬಾಯಿಯ ಹತ್ತಿರ ಇಟ್ಟಳು. ಹುಡುಗರು ಬೇಡ ಅನ್ನಲಿಲ್ಲ.

ಮನೆ ಮುಟ್ಟಿದಾಗ ಹತ್ತೂವರೆ. ವಾಚ್‌ಮನ್ ಕಾಕಾ ಕಾನ್‌ಟೋಪಿ ಸರಿಮಾಡಿಕೊಂಡು ಎದ್ದು ಅವ್ವನಿಗೆಂದೇ ಒಂದು ವಿಶೇಷ ಸಲಾಮು ಹೊಡೆದ. "ಮೇರಿ ಕಿಸ್‌ಮಿಸ್, ಮಾಂಜೀ."

ಅವ್ವ ಗಾಡಿ ನಿಲ್ಲಿಸು ಅಂದಳು. ಮಡಿಲಲ್ಲಿದ್ದ ಕೈಚೀಲ ಬಿಚ್ಚಿ, ಒಂದು ಕಾಗದದ ಪೊಟ್ಟಣ ತೆಗೆದು ಕಿಟಕಿಯಿಂದ ಅವನ ಕೈಗೆ ಇಟ್ಟಳು. ಆತ ಬಿಚ್ಚಿ ನೋಡಿದ. ತಿಕೋಟಾದ ಒಣದ್ರಾಕ್ಷಿ, ಕಾಲು ಕಿಲೋಕ್ಕೆ ಕಡಿಮೆ ಇರಲಿಲ್ಲ.

ನಾನು ಅವಳ ಮುಖ ನೋಡಿದೆ.

"ಏನ ನೋಡ್ತಿ? ಪಾಪ, ಎಂಟ ದಿನದಿಂದ ಕೇಳಾಕತ್ತಾನ. ನಿಮಗ್ಯಾರಿಗೂ ಕೊಡೂ ಮನಸ ಬರಲಿಲ್ಲ."